ಒಡೆದ ಬಾಟಲಿ, ಉಳಿದ ಗೋಲಿ

ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರುಗಳಲ್ಲಿ ಹಳೆಯ ಮಣ್ಣಿನ ಗೋಡೆಯ ಮನೆಯೊಂದನ್ನು ಕೆಡವುವಾಗ ಮೊದಲು ಮಾಳಿಗೆಯ ತೊಲೆ, ಜಂತಿಗಳು ಇಳಿಯುತ್ತವೆ. ಬಾಗಿಲ ಚೌಕಟ್ಟಿಗೆ ಗಿರಾಕಿ ಬರುತ್ತಾನೆ. ತಾಮ್ರ, ಹಿತ್ತಾಳೆ ತೂಕಕ್ಕೆ ಹೋಗುತ್ತವೆ. ಎಲ್ಲ ಮುಗಿದ ಮೇಲೆ ಗೋಡೆಯ ಮಾಡದಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದು ಸಿಗುವುದುಂಟು. ಅಲುಗಿಸಿದರೆ ಗಲಗಲ ಎನ್ನುತ್ತದೆ. ಒಳಗೆ ಹತ್ತಿಪ್ಪತ್ತು ಗೋಲಿ, ನಾಲ್ಕು ಗಜಗ, ಒಂದು ಬುಗುರಿಯ ಮೊಳೆ. ಮನೆಯ ಹಿರಿಯರು ಒಂದು ಗಳಿಗೆ ನಗುತ್ತಾರೆ, ಮೊಮ್ಮಕ್ಕಳು ಎರಡು ದಿನ ಆಡುತ್ತಾರೆ, ಮೂರನೆಯ ದಿನ ಡಬ್ಬಿ ಗುಜರಿಯವನ ಚೀಲ ಸೇರುತ್ತದೆ.

ಆ ಡಬ್ಬಿಗೆ ಏನಾದರೂ ಬೆಲೆ ಇದೆಯೇ? ಈ ಮಾತಿನ ವಿಷಯ ಇದೇ. ಅಮೆರಿಕ, ಇಂಗ್ಲೆಂಡು, ಜರ್ಮನಿಗಳಲ್ಲಿ ಹಳೆಯ ಗೋಲಿ ಸಂಗ್ರಹಿಸುವವರು ಸಾವಿರಾರು ಮಂದಿ ಇದ್ದಾರೆ. ಒಂದೊಂದು ಗೋಲಿಗೆ ಸಾವಿರಾರು ಡಾಲರ್ ಬಂದ ಹರಾಜುಗಳೂ ನಡೆದಿವೆ. ಇದನ್ನು ಕೇಳಿದವರಲ್ಲಿ ಕೆಲವರು ‘ಹುಚ್ಚು’ ಎಂದು ನಕ್ಕು ಬಿಡುತ್ತಾರೆ, ಇನ್ನು ಕೆಲವರು ಕೂಡಲೇ ಅಟ್ಟ ಹತ್ತುತ್ತಾರೆ. ಎರಡೂ ಅವಸರದ ಕೆಲಸ. ಗೋಲಿಗೆ ಬೆಲೆ ಬರುವುದು ಹೇಗೆ ಎಂದು ತಿಳಿಯಬೇಕಾದರೆ ಗೋಲಿ ಹುಟ್ಟುವುದು ಹೇಗೆ ಎಂದು ಮೊದಲು ತಿಳಿಯಬೇಕು.

ಗಾಜಿನ ಗೋಲಿ ಹಳ್ಳಿಗೆ ಬರುವ ಮೊದಲೂ ಈ ಆಟ ಇತ್ತು. ಹರಪ್ಪಾ ಸಂಸ್ಕೃತಿಯ ನೆಲೆಗಳಲ್ಲಿ ಕಲ್ಲಿನ ಮತ್ತು ಸುಟ್ಟ ಮಣ್ಣಿನ ಸಣ್ಣ ಗುಂಡುಗಳು ಸಿಕ್ಕಿವೆ. ಅವೆಲ್ಲ ಆಟದ ಗುಂಡುಗಳೇ ಎನ್ನಲಾಗದು, ಕವಣೆಯ ಕಲ್ಲುಗಳೂ ಇರಬಹುದು. ನಮ್ಮ ನಾಡಿನ ಹುಡುಗರಿಗೆ ಬಹುಕಾಲ ಗೋಲಿಯಾಗಿ ಒದಗಿದ್ದು ಬೇಲಿಯ ಮುಳ್ಳುಬಳ್ಳಿಯಲ್ಲಿ ಬಿಡುವ ಗಜಗ. ಬೂದು ಬಣ್ಣದ, ಕಲ್ಲಿನಷ್ಟು ಗಟ್ಟಿಯಾದ ಬೀಜ. ಬಂಡೆಗೆ ತಿಕ್ಕಿ ಪಕ್ಕದವನ ತೊಡೆಗೆ ಚುರುಕ್ಕೆನ್ನಿಸಲೂ ಬರುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ನಿಕರ್ ನಟ್’ ಎನ್ನುತ್ತಾರೆ. ಡಚ್ಚರ ‘ಕ್ನಿಕ್ಕರ್’ ಎಂದರೆ ಗೋಲಿ. ಸಮುದ್ರದ ಆಚೆಯ ಮಕ್ಕಳೂ ಇದನ್ನು ಕಂಡದ್ದು ಗೋಲಿಯಾಗಿಯೇ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಮಣ್ಣಿನ ಗುಂಡೂ ಇತ್ತು. ಆದರೆ ಎರಿ ಮಣ್ಣು ಅದಕ್ಕೆ ಆಗಿಬರುವುದಿಲ್ಲ, ಒಣಗುವಾಗ ಕುಗ್ಗಿ ಸೀಳುತ್ತದೆ. ಕುಂಬಾರನ ಮಣ್ಣು ಬೇಡಿ ತಂದು ಉಂಡೆ ಕಟ್ಟಿ, ಅವನ ಆವಿಗೆಯಲ್ಲಿಯೇ ಒಂದು ಮೂಲೆ ಗಿಟ್ಟಿಸಿಕೊಳ್ಳಬೇಕಾಗುತ್ತಿತ್ತು.

ಗಾಜಿನ ಗೋಲಿಯ ತವರು ಜರ್ಮನಿಯ ತೂರಿಂಗಿಯಾ ಕಾಡಿನ ಲಾವ್‌ಷಾ ಎಂಬ ಊರು. 1597ರಲ್ಲಿ ಗಾಜಿನ ಕುಲುಮೆಯ ಸುತ್ತಲೇ ಬೆಳೆದ ಊರದು. 1840ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಗ್ರೀನರ್ ಮನೆತನದವರು ವಿಚಿತ್ರವಾದ ಒಂದು ಕತ್ತರಿಯನ್ನು ಬಳಕೆಗೆ ತಂದರು. ಅದರ ಒಂದು ತುದಿಯಲ್ಲಿ ಬಟ್ಟಲಿನಂಥ ಗುಳಿ, ಇನ್ನೊಂದು ತುದಿಯಲ್ಲಿ ಅಲಗು. ಬಣ್ಣದ ಗಾಜಿನ ಎಳೆಗಳನ್ನು ಸೇರಿಸಿ ಕಾಯಿಸಿ, ಜಡೆ ಹೆಣೆದಂತೆ ತಿರುಚಿದ ಉದ್ದನೆಯ ಕೋಲನ್ನು ಆ ಬಟ್ಟಲಿನಲ್ಲಿಟ್ಟು ತಿರುಗಿಸಿದರೆ ತುದಿ ದುಂಡಾಗುತ್ತದೆ, ಆಗ ಕತ್ತರಿಸಬೇಕು. ಮತ್ತೆ ತಿರುಗಿಸು, ಮತ್ತೆ ಕತ್ತರಿಸು. ಹೀಗೆ ಒಂದೇ ಕೋಲಿನಿಂದ ಅನೇಕ ಗೋಲಿಗಳು, ಒಂದರ ಸುಳಿ ಇನ್ನೊಂದರಂತಿಲ್ಲ.

ಸಂಗ್ರಾಹಕ ಮೊದಲು ಹುಡುಕುವುದು ಈ ಕತ್ತರಿಯ ಗುರುತನ್ನೇ. ಕೈಯಿಂದ ಮಾಡಿದ ಗೋಲಿಯ ಎರಡು ತುದಿಗಳಲ್ಲಿ, ಭೂಗೋಳದ ಧ್ರುವಗಳಿದ್ದಂತೆ, ಕತ್ತರಿಸಿದ ಕಲೆ ಇರುತ್ತದೆ. ಎಷ್ಟು ನಯಗೊಳಿಸಿದರೂ ಬೆರಳಿಗೆ ಸಣ್ಣಗೆ ತಡೆಯುವ ಒರಟು ಅದು. ಒಳಗಿನ ಬಣ್ಣದ ಎಳೆಗಳು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಮುಗಿಯುತ್ತವೆ. ಕೊಳ್ಳುವವನ ಕಣ್ಣಿಗೆ ಅದು ದೋಷವಾಗಿ ಕಾಣಬಹುದು, ಬಲ್ಲವನಿಗೆ ಅದೇ ಜನ್ಮಪತ್ರಿಕೆ.

ಯಂತ್ರ ಬಂದ ಮೇಲೆ ಈ ಕಲೆ ಮಾಯವಾಯಿತು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ 1884ರಲ್ಲಿ ಸ್ಯಾಮ್ಯುಯೆಲ್ ಡೈಕ್ ಎಂಬಾತ ಮಣ್ಣಿನ ಗೋಲಿಗಳನ್ನು ರಾಶಿ ರಾಶಿಯಾಗಿ ತಯಾರಿಸಲು ತೊಡಗಿದ. ಗೋಲಿ ಒಂದು ಕಾಸಿಗೆ ಬೊಗಸೆ ತುಂಬ ಸಿಗುವ ಸರಕಾಯಿತು. ಅದೇ ಊರಿನ ಮಾರ್ಟಿನ್ ಕ್ರಿಸ್ಟನ್ಸನ್ 1905ರಲ್ಲಿ ಗಾಜಿನ ಗುಂಡು ಉರುಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾದ ಗಾಜಿನ ಮುದ್ದೆ ಸುರುಳಿಗಾಡಿಯ ರೋಲರುಗಳ ನಡುವೆ ಉರುಳುತ್ತ ತಣಿದು, ದುಂಡಗಾಗಿ ಹೊರಬೀಳುತ್ತದೆ. 1914ರ ಮಹಾಯುದ್ಧ ಜರ್ಮನಿಯ ಸರಕನ್ನು ತಡೆದದ್ದು ಈ ಯಂತ್ರಗಳಿಗೆ ವರವಾಯಿತು. ಆಕ್ರೋ ಅಗೇಟ್ ಎಂಬ ಕಂಪನಿ ಅದೇ ವರ್ಷ ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಸ್ಥಳಾಂತರಗೊಂಡು ಬೆಳೆದು, 1951ರಲ್ಲಿ ಮುಚ್ಚಿತು. ಎರಡನೆಯ ಮಹಾಯುದ್ಧದ ನಂತರ ಜಪಾನ್ ‘ಬೆಕ್ಕಿನ ಕಣ್ಣು’ ಎಂಬ ಬಗೆಯನ್ನು ಹೊರತಂದಿತು. ಪಾರದರ್ಶಕ ಗಾಜು, ನಡುವೆ ಹೂವಿನ ಎಸಳಿನಂತೆ ಬಣ್ಣದ ಅಲಗು. ಕಿರಾಣಿ ಅಂಗಡಿಯ ಬರಣಿಯಲ್ಲಿ ಇಂದೂ ಕಾಣುವುದು ಇದೇ ಬಗೆ. ಚೆಂದವೇನೋ ಹೌದು, ಆದರೆ ಕೋಟಿಗಟ್ಟಲೆ ತಯಾರಾದದ್ದಕ್ಕೆ ಹಳತಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಯಂತ್ರದ ಗೋಲಿಗಳಲ್ಲಿಯೂ ಬೆಲೆಯುಳ್ಳವು ಇವೆ, ಆದರೆ ಅವು ಅಲ್ಪಕಾಲ ನಡೆದು ಮುಚ್ಚಿದ ಕಾರ್ಖಾನೆಗಳ ಅಪರೂಪದ ಬಣ್ಣಗೂಟಗಳು.

ಬೆಲೆ ಕಟ್ಟುವಾಗ ಬಗೆ, ಗಾತ್ರ, ಅಂದ ಈ ಮೂರನ್ನೂ ನೋಡುತ್ತಾರೆ ನಿಜ. ಆಟದ ಸಾಮಾನ್ಯ ಗೋಲಿ ಸುಮಾರು 16 ಮಿಲಿಮೀಟರಿನದು. ಕೈಯಿಂದ ಮಾಡಿದ, ಎರಡಂಗುಲದ ಆಸುಪಾಸಿನ ಗೋಲಿ ಅಪರೂಪ, ಏಕೆಂದರೆ ಅಷ್ಟು ಗಾಜನ್ನು ಒಡೆಯದಂತೆ ತಣಿಸುವುದೇ ಕಷ್ಟ. ಸ್ವಚ್ಛ ಗಾಜಿನೊಳಗೆ ಬಿಳಿಯ ಕುರಿ, ನಾಯಿ, ಹಕ್ಕಿಯ ಗೊಂಬೆ ಹುದುಗಿಸಿದ ‘ಸಲ್ಫೈಡ್’ ಗೋಲಿಗಳೂ ಇವೆ. ಅವುಗಳಲ್ಲಿ ಪ್ರಾಣಿಗಿಂತ ಮನುಷ್ಯಾಕೃತಿಗೆ, ಬಣ್ಣ ಹಾಕಿದ ಆಕೃತಿಗೆ ಬೆಲೆ ಹೆಚ್ಚು. ಆದರೆ ಇವೆಲ್ಲಕ್ಕಿಂತ ಮೇಲೆ ನಿಲ್ಲುವುದು ಗೋಲಿಯ ಸ್ಥಿತಿ. ಮೈಯಲ್ಲಿ ಒಂದು ಚಕ್ಕೆ ಹಾರಿದ್ದರೂ ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಗೋಲಿಗೆ ಗೋಲಿ ಬಡಿದಾಗ ಗಾಜಿನ ಮೇಲ್ಪದರದ ಕೆಳಗೆ ಅರ್ಧಚಂದ್ರದ ಆಕಾರದ ಬಿರುಕು ಮೂಡುತ್ತದೆ. ಸಂಗ್ರಾಹಕರು ಅದನ್ನು ‘ಚಂದ್ರ’ ಎಂದೇ ಕರೆದು ಭೂತಗನ್ನಡಿಯಲ್ಲಿ ಎಣಿಸುತ್ತಾರೆ.

ಇಲ್ಲಿ ಒಂದು ತಮಾಷೆಯಿದೆ. ಯಾವ ಗೋಲಿಯನ್ನು ಯಾವ ಹುಡುಗನೂ ಆಡಲಿಲ್ಲವೋ ಅದಕ್ಕೇ ಹೆಚ್ಚು ಬೆಲೆ. ಹುಡುಗರ ಲೆಕ್ಕ ಇದಕ್ಕೆ ತಿರುವು ಮುರುವು. ಗುಡಿಯ ಮುಂದಿನ ಬಯಲಲ್ಲಿ ಎಡಗೈ ಹೆಬ್ಬೆರಳನ್ನು ನೆಲಕ್ಕೂರಿ, ನಡುಬೆರಳನ್ನು ಬಿಲ್ಲಿನಂತೆ ಹಿಂದಕ್ಕೆ ಜಗ್ಗಿ ಬಿಟ್ಟಾಗ ತಪ್ಪದೆ ಬಡಿಯುವ ಗೋಲಿಯೇ ಶ್ರೇಷ್ಠ. ಅದು ಮೈತುಂಬ ಚಂದ್ರ ಹೊತ್ತು, ಮಂಜುಗಟ್ಟಿ, ಒಳಗಿನ ಬಣ್ಣವೇ ಕಾಣದಂತಾಗಿದ್ದರೂ ಅದನ್ನು ಹತ್ತು ಹೊಸ ಗೋಲಿಗೂ ಬಿಟ್ಟುಕೊಡುವವರಿರಲಿಲ್ಲ. ಮಾಡದ ಡಬ್ಬಿಯಲ್ಲಿ ಉಳಿದದ್ದು ಸಾಮಾನ್ಯವಾಗಿ ಇಂಥದೇ, ಸೋತು ಕೊಡದೆ ಉಳಿಸಿಕೊಂಡದ್ದು. ಸಂಗ್ರಾಹಕನ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ.

ಈ ಎರಡು ತಕ್ಕಡಿಗಳ ಜಗಳ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಗೋಲಿ ಸೋಡಾದಲ್ಲಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಈ ಬಾಟಲಿಯ ಪೇಟೆಂಟ್ ಪಡೆದ. ಬಾಟಲಿಯ ಬಾಯಿ ಕಟ್ಟುವ ಮೊದಲು, ಗಾಜು ಇನ್ನೂ ಬಿಸಿಯಿರುವಾಗಲೇ ಗೋಲಿಯನ್ನು ಒಳಗೆ ಬಿಟ್ಟು, ನಂತರ ಬಾಯಿಯನ್ನು ಕಿರಿದು ಮಾಡಿ ಒಳಗೆ ರಬ್ಬರಿನ ಬಳೆ ಕೂರಿಸುತ್ತಾರೆ. ತಲೆಕೆಳಗಾಗಿ ಹಿಡಿದು ಸೋಡಾ ತುಂಬಿದರೆ ಅನಿಲದ ಒತ್ತಡ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಬೂಚು ಬೇಡ, ತಂತಿ ಬೇಡ. ಹೆಬ್ಬೆರಳಿನಿಂದ ಒತ್ತಿದರೆ ‘ಟಸ್’ ಎಂದು ಗೋಲಿ ಕುತ್ತಿಗೆಯ ಚಿವುಟಿದ ಜಾಗಕ್ಕೆ ಇಳಿಯುತ್ತದೆ; ಕುಡಿಯುವಾಗ ಮತ್ತೆ ಬಾಯಿಗೆ ಅಡ್ಡ ಬಾರದಂತೆ ಅಲ್ಲಿಯೇ ನಿಲ್ಲುತ್ತದೆ. 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ತಗಡಿನ ಕಿರೀಟ ಮುಚ್ಚಳಕ್ಕೆ ಪೇಟೆಂಟ್ ಪಡೆದ ನಂತರ ಇಂಗ್ಲೆಂಡಿನಲ್ಲಿ ಕಾಡ್ ಬಾಟಲಿ ಕ್ರಮೇಣ ಮರೆಯಾಯಿತು. ಭಾರತ ಮತ್ತು ಜಪಾನ್ ಮಾತ್ರ ಅದನ್ನು ಬಿಡಲಿಲ್ಲ. ಸಂತೆ, ಜಾತ್ರೆಗಳಲ್ಲಿ ಒದ್ದೆ ಗೋಣಿ ಹೊದ್ದ ಗೋಲಿ ಸೋಡಾದ ಕೈಗಾಡಿಯನ್ನು ಕಾಣದ ಹಿರಿಯರು ಈ ಭಾಗದಲ್ಲಿ ವಿರಳ.

ಆ ಬಾಟಲಿಯೊಳಗಿನ ಗೋಲಿಯ ಮೇಲೆ ಹುಡುಗರಿಗಿದ್ದ ಆಸೆ ಅಷ್ಟಿಷ್ಟಲ್ಲ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಸಿಗಬೇಕಾದರೆ ಬಾಟಲಿ ಒಡೆಯಲೇಬೇಕು. ಒಡೆದರು; ಇಲ್ಲಿಯೂ ಒಡೆದರು, ಇಂಗ್ಲೆಂಡಿನಲ್ಲಿಯೂ ಒಡೆದರು. ಅಲ್ಲಿ ಹಳೆಯ ಕಾಡ್ ಬಾಟಲಿಗಳು ಇಡಿಯಾಗಿ ಉಳಿದದ್ದು ಕಡಿಮೆಯಾಗಲು ಮಕ್ಕಳ ಈ ಗೋಲಿಯಾಸೆಯೂ ಒಂದು ಕಾರಣವೆನ್ನುತ್ತಾರೆ. ಈಗ ಕಡುನೀಲಿ ಅಥವಾ ಜೇನುಬಣ್ಣದ, ಸೋಡಾ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿರುವ ಬಾಟಲಿಗೆ ಸಂಗ್ರಾಹಕರು ಸ್ಪರ್ಧೆಯಲ್ಲಿ ಹಣ ಸುರಿಯುತ್ತಾರೆ. ಒಳಗಿನ ತಿಳಿಹಸಿರು ಗೋಲಿಗೆ ಬಿಡಿಯಾಗಿ ಬೆಲೆಯೇ ಇಲ್ಲವೆನ್ನಬೇಕು. ಹೆಸರಿಲ್ಲ, ಸುಳಿಯಿಲ್ಲ, ಕತ್ತರಿಯ ಕಲೆಯಿಲ್ಲ. ಎಲ್ಲಿಯದೆಂದು ಹೇಳಲು ಅದರ ಮೈಮೇಲೆ ಏನೂ ಇಲ್ಲ. ಹುಡುಗರು ಹೆಸರಿದ್ದದ್ದನ್ನು ಒಡೆದು ಹೆಸರಿಲ್ಲದ್ದನ್ನು ಉಳಿಸಿಕೊಂಡರು. ಅವರನ್ನು ದೂರುವಂತಿಲ್ಲ, ಬಾಟಲಿಯಿಂದ ಆಡಲು ಬರುವುದಿಲ್ಲವಲ್ಲ.

ಆದರೂ ಮಾಡದ ಡಬ್ಬಿಯ ವಿಷಯದಲ್ಲಿ ಈ ಸೋಡಾ ಗೋಲಿ ಒಂದು ದಾರಿ ತೋರುತ್ತದೆ. ಮೈಮೇಲೆ ಏನೂ ಬರೆದಿಲ್ಲದ ವಸ್ತುವಿಗೆ ಸಾಕ್ಷಿ ಹೊರಗಿನಿಂದ ಸಿಗಬೇಕು: ಯಾವ ಮನೆ, ಯಾವ ಗೋಡೆ, ಜೊತೆಗೆ ಏನೇನಿತ್ತು, ಆ ಮನೆ ಕಟ್ಟಿದ್ದು ಯಾವಾಗ, ಆಡಿದವರು ಯಾರು. ಅಮೆರಿಕದ ಸಂಗ್ರಾಹಕರೂ ಹಳೆಯ ಅಂಗಡಿಯ ಮೂಲ ರಟ್ಟಿನ ಪೆಟ್ಟಿಗೆಯ ಸಮೇತ ಗೋಲಿಗಳು ಸಿಕ್ಕರೆ ಎರಡು ಪಟ್ಟು, ಮೂರು ಪಟ್ಟು ಕೊಡುವುದು ಇದಕ್ಕೇ. ಹೊಸ ಪೆಟ್ಟಿಗೆ ಮಾಡಿ ಹಳೆಯ ಗೋಲಿ ತುಂಬಿ ಮಾರುವ ಠಕ್ಕರು ಅಲ್ಲಿ ಹುಟ್ಟಿಕೊಂಡಿರುವುದೂ ಇದಕ್ಕೇ.

ಹೊಲದಲ್ಲಿ ಸಿಕ್ಕ ಗೋಲಿಯಾದರೆ ಈ ಸಾಕ್ಷಿ ಕಷ್ಟ. ಎರಿಭೂಮಿ ಬೇಸಿಗೆಯಲ್ಲಿ ಮೊಣಕೈ ಹೋಗುವಷ್ಟು ಆಳಕ್ಕೆ ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬಿರುಕಿಗೆ ಬಿದ್ದ ಗೋಲಿ ಕೆಳಗೆ ಹೋಗುತ್ತದೆ. ವರ್ಷ ವರ್ಷ ಮಣ್ಣು ಕುಗ್ಗಿ ಹಿಗ್ಗುವಾಗ ಕಲ್ಲು ಹರಳುಗಳ ಜೊತೆಗೆ ಮತ್ತೆ ಮೇಲಕ್ಕೂ ಬರಬಹುದು. ನೆಲದ ಬೇರೆಡೆ ಆಳ ನೋಡಿ ಕಾಲ ಹೇಳುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಈ ಮಣ್ಣು ತನ್ನನ್ನು ತಾನೇ ಉಳುತ್ತದೆ. ಮಾಡದ ಡಬ್ಬಿಗೆ ಈ ತೊಂದರೆಯಿಲ್ಲ. ಗೋಡೆ ಬೀಳುವ ದಿನದವರೆಗೆ ಅದು ಇಟ್ಟಲ್ಲೇ ಇರುತ್ತದೆ.

ಡಬ್ಬಿ ಸಿಕ್ಕವರು ಮೊದಲು ಮಾಡಬಾರದ ಕೆಲಸ ಎಂದರೆ ತಿಕ್ಕಿ ತೊಳೆಯುವುದು. ಸರಿಯಾಗಿ ಬೇಯದ ಮಣ್ಣಿನ ಗುಂಡು ನೀರಲ್ಲಿ ಕರಗೀತು. ಗಾಜನ್ನು ಬಿಸಿನೀರಿಗೆ ಹಾಕಿದರೆ ಸೀಳೀತು. ಯಂತ್ರದಲ್ಲಿ ಹೊಳಪು ಕೊಡಿಸಿದರಂತೂ ಚಂದ್ರಗಳ ಜೊತೆಗೆ ಕತ್ತರಿಯ ಕಲೆಯೂ ಅಳಿದು, ಜನ್ಮಪತ್ರಿಕೆ ಹರಿದಂತೆಯೇ. ಒದ್ದೆ ಅರಿವೆಯಿಂದ ಗಾಜನ್ನಷ್ಟೇ ಒರೆಸಿ, ಬಿಸಿಲಿಗೆ ಹಿಡಿದು, ಮೆಲ್ಲಗೆ ತಿರುಗಿಸಿ ನೋಡಬೇಕು. ಒಳಗೆ ಗಾಳಿಯ ಗುಳ್ಳೆ ಕಂಡರೆ ಹಳೆಯದೆಂದು ಹಿಗ್ಗಬೇಕಾಗಿಲ್ಲ, ನಿನ್ನೆ ಮಾಡಿದ ಅಗ್ಗದ ಗೋಲಿಯಲ್ಲೂ ಗುಳ್ಳೆ ಇರುತ್ತದೆ. ಎರಡು ತುದಿಯಲ್ಲಿ ಒರಟು ಕಲೆ, ಅದರಿಂದ ಇದಕ್ಕೆ ಓಡುವ ಬಣ್ಣದ ಎಳೆ ಎರಡೂ ಇದ್ದರೆ ಮಾತ್ರ ಕುತೂಹಲಕ್ಕೆ ಕಾರಣವಿದೆ. 1914ಕ್ಕೆ ಮೊದಲು ಭಾರತದ ಪೇಟೆಗೆ ಗಾಜಿನ ಬಳೆ, ಮಣಿಗಳು ಬಹಳಷ್ಟು ಆಸ್ಟ್ರಿಯಾ-ಹಂಗೇರಿಯ ಕಡೆಯಿಂದ ಬರುತ್ತಿದ್ದವು. ಬಳೆಗಾರನ ಮಲಾರದಲ್ಲಿ ಬಂದದ್ದು ಬಳೆಯಷ್ಟೇ ಎಂದು ಹೇಳುವ ಧೈರ್ಯ ಯಾರಿಗಿದೆ?

ಹೀಗೆ ಹುಡುಕಿದರೂ ನೂರರಲ್ಲಿ ತೊಂಬತ್ತೊಂಬತ್ತು ಡಬ್ಬಿಗಳಲ್ಲಿ ಪೇಟೆಯ ಬೆಲೆಯ ವಸ್ತು ಇರುವುದಿಲ್ಲ. ಲಕ್ಷ ರೂಪಾಯಿ ಎಂದು ಆಸೆ ಹುಟ್ಟಿಸುವವರನ್ನು ನಂಬುವುದು ಬೇಡ. ಒಂದು ಚೀಟಿ ಬರೆದು ಡಬ್ಬಿಯೊಳಗೆ ಹಾಕಲು ಮಾತ್ರ ಖರ್ಚೇನೂ ಇಲ್ಲ. ಅಜ್ಜ ಇರುವಾಗಲೇ ಯಾವ ಗೋಲಿಯನ್ನು ಯಾರಿಂದ ಗೆದ್ದದ್ದು, ತಗ್ಗು ತೋಡುತ್ತಿದ್ದದ್ದು ಯಾವ ಗುಡಿಯ ಮುಂದೆ, ಸೋತವನು ಮೊಣಕೈಯಿಂದ ಗೋಲಿ ತಳ್ಳುತ್ತ ಎಲ್ಲಿಯವರೆಗೆ ಹೋಗಬೇಕಾಗುತ್ತಿತ್ತು ಎಂದು ಕೇಳಿ ಬರೆಯಬೇಕು. ಗಜಗ ಯಾವುದು, ಸೋಡಾ ಬಾಟಲಿಯದು ಯಾವುದು ಎಂದು ಇಂದಿನ ಮಕ್ಕಳಿಗೆ ನೋಡಿದರೆ ಗೊತ್ತಾಗುವುದಿಲ್ಲ.

ಗೋಲಿ ಸೋಡಾ ಮಾತ್ರ ಮತ್ತೆ ತಲೆಯೆತ್ತಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು ಕೃಷಿ ರಫ್ತು ಸಂಸ್ಥೆಯಾದ ಅಪೆಡಾದ ಮೂಲಕ ಅದನ್ನು ‘ಗೋಲಿ ಪಾಪ್ ಸೋಡಾ’ ಎಂಬ ಹೊಸ ಹೆಸರಿನಲ್ಲಿ ಕೊಲ್ಲಿ ದೇಶಗಳಿಗೆ ಕಳುಹಿಸಿದ್ದನ್ನು ಪ್ರಕಟಿಸಿತು. ಜಪಾನಿನಲ್ಲಿ ಇದೇ ಬಾಟಲಿಯ ಪಾನೀಯ ‘ರಾಮುನೆ’ ಎಂಬ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಮಕ್ಕಳ ಬೇಸಿಗೆಯ ಗೆಳೆಯ. ಅಲ್ಲಿ ಈಗ ಕೆಲವು ಬಾಟಲಿಗಳ ಬಾಯಿಗೆ ಪ್ಲಾಸ್ಟಿಕ್ಕಿನ ತಿರುಪು ಮುಚ್ಚಳ ಕೂರಿಸುತ್ತಾರೆ. ಕುಡಿದಾದ ಮೇಲೆ ಮಗು ಅದನ್ನು ತಿರುಗಿಸಿ ತೆಗೆದು ಗೋಲಿಯನ್ನು ಅಂಗೈಗೆ ಸುರಿದುಕೊಳ್ಳುತ್ತದೆ; ಬಾಟಲಿ ಇಡಿಯಾಗಿಯೇ ಉಳಿಯುತ್ತದೆ.