ಬೇಸಾಯದ ಜೊತೆಗೆ ಕಲೆ

(ಗಾಜನೂರಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಗಾಜನೂರು ಎಂದೊಡನೆ ಹೊರಗಿನವರು, ನಟ ರಾಜ್‌ಕುಮಾರರ ಊರೇ ಎಂದು ಕೇಳುವುದುಂಟು. ಅದು ತಾಳವಾಡಿ ಕಡೆಯ ಗಾಜನೂರು. ನಮ್ಮದು ತುಂಗೆಗೆ ಅಣೆ ಕಟ್ಟಿದ ಗಾಜನೂರು. ಇಂದಿನ ಮಾತು ಹೆಸರಾಂತ ನಟರದಲ್ಲ. ಹಗಲೆಲ್ಲ ಗದ್ದೆಯಲ್ಲೋ ತೋಟದಲ್ಲೋ ಪೇಟೆಯ ನೌಕರಿಯಲ್ಲೋ ದುಡಿದು, ಮಿಕ್ಕ ಹೊತ್ತಿನಲ್ಲಿ ಹಾಡು, ನಾಟಕ, ಚಿತ್ತಾರ, ಬರವಣಿಗೆ ಎಂದು ಮನಸ್ಸಿಟ್ಟವರದು.

ಈ ವಿಷಯದಲ್ಲಿ ಮನೆಮನೆಯಲ್ಲೂ ಎರಡು ಮಾತು ಕೇಳಿಬರುತ್ತದೆ. ತಾಳ ಹಿಡಿದವನ ಗದ್ದೆಗೆ ಕಳೆಯೇ ಗತಿ ಎಂದು ಹಿರಿಯರ ದೂರು. ಕೆಲಸ ಬಿಟ್ಟರೆ ಮಾತ್ರ ಕಲೆ ಒಲಿಯುತ್ತದೆ ಎಂದು ಕಿರಿಯರ ಹಟ. ಇವೆರಡೂ ಪೂರ್ತಿ ಸರಿಯಲ್ಲ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ.

ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೀವು ಬಲ್ಲಿರಿ. ಅಲ್ಲಿ 1949ರಲ್ಲಿ ಊರಿನ ಕೆಲವರು ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಈಗ ನೀನಾಸಂ ಎಂದು ಕರೆಯುವುದು ಅದನ್ನೇ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು. ಮೈಸೂರಿನಲ್ಲಿ ಓದಿ ಪದವಿ ಪಡೆದರೂ ಊರಿಗೇ ಹಿಂದಿರುಗಿ, ತೋಟದ ಕೆಲಸದ ಜೊತೆಗೇ ನಾಟಕ ಆಡಿಸಿದರು, ಪುಸ್ತಕ ಬರೆದರು, ಬೇರೆಯವರ ಪುಸ್ತಕ ಅಚ್ಚುಹಾಕಿಸಿದರು. ಬಣ್ಣ ಹಚ್ಚಿಕೊಂಡವರೂ ಸುತ್ತಲಿನ ತೋಟದವರು, ಕೂಲಿಯವರು, ಅಂಗಡಿ ಕಚೇರಿಗಳಲ್ಲಿ ದುಡಿಯುವವರು. ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದು ತಾಲೀಮಿಗೆ ಬಂದವರು. 1972ರಲ್ಲಿ ಆ ಹಳ್ಳಿಯಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವೇ ಎದ್ದಿತು. 1980ರಲ್ಲಿ ನಾಟಕ ಕಲಿಸುವ ಶಾಲೆ ತೆರೆಯಿತು. 1985ರಿಂದ 'ತಿರುಗಾಟ'ದ ತಂಡ ಊರೂರಿಗೆ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಹೆಗ್ಗೋಡಿನವರಾಗಿಯೇ ಇದ್ದರು.

ಇದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಸ್ವಂತ ತೋಟವಿದ್ದವನಿಗೆ ಸಂಜೆ ತನ್ನದು. ದಿನಗೂಲಿಯವನಿಗೆ ಸಂಜೆಯೂ ಪೂರ್ತಿ ತನ್ನದಲ್ಲ. ಆದ್ದರಿಂದ ತಾಲೀಮಿನ ವೇಳೆಯನ್ನು ಗೊತ್ತುಮಾಡುವಾಗ ಎಲ್ಲರಿಗಿಂತ ಹೆಚ್ಚು ದಣಿದು ಬರುವವನನ್ನು ಮೊದಲು ಕೇಳತಕ್ಕದ್ದು. ಹಾಗೆ ಕೇಳದ ಸಂಘದಲ್ಲಿ ಕೊನೆಗೆ ಉಳಿಯುವವರು ಕೆಲಸವಿಲ್ಲದವರು ಮಾತ್ರ.

ಇನ್ನು ಕೆಲಸದ ಕಾಲಮಾನ. ಅಡಿಕೆಗೆ ಮುಂಗಾರು ಬಲವಾಗುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು. ಸುಮಾರು 40-45 ದಿನ ಬಿಟ್ಟು ಇನ್ನೊಮ್ಮೆ. ಎರಡನೆಯ ಸಲದ ಹೊತ್ತಿಗೆ ನಾಟಕದ ಗುಂಗಿನಲ್ಲಿದ್ದು ಮಳೆ ಬಿಟ್ಟ ನಾಲ್ಕು ದಿನ ಕಳೆದುಕೊಂಡರೆ ಕೊಳೆರೋಗ ಬಂದು ಎಳೆಗಾಯಿ ಉದುರುತ್ತದೆ. ಎಷ್ಟು ಚಪ್ಪಾಳೆ ಬಿದ್ದರೂ ಅದು ಮರಕ್ಕೆ ಮರಳದು. ಭತ್ತದ ನಾಟಿಯೂ ಕಾಲುವೆ ನೀರಿನ ಸರದಿಯೂ ಹಾಗೆಯೇ. ಆದರೆ ಅಡಿಕೆ ಸುಲಿಯುವ ರಾತ್ರಿಗಳನ್ನು ನೋಡಿ. ಕೈಗೆ ಕೆಲಸ, ಬಾಯಿಗೆ ಬಿಡುವು. ಪದ ಬಾಯಿಪಾಠ ಮಾಡಲು, ನಾಟಕದ ಮಾತು ಒಪ್ಪಿಸಲು ಅದಕ್ಕಿಂತ ಒಳ್ಳೆಯ ಶಾಲೆ ಯಾವುದು?

ಯಕ್ಷಗಾನದವರು ಈ ಲೆಕ್ಕವನ್ನು ಹಿಂದೆಯೇ ಕಂಡುಕೊಂಡಿದ್ದರು. ಕರಾವಳಿಯ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು, ಮೇ ತಿಂಗಳ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವುದು ವಾಡಿಕೆ. ಮಳೆ ಹಿಡಿದ ಮೇಲೆ ಅನೇಕ ವೇಷಧಾರಿಗಳು ನೇಗಿಲ ಹಿಂದೆ ನಿಂತರು. ಕಲೆ ಬೇಸಾಯದ ಕಾಲಕ್ಕೆ ಬಾಗಿತು. ಬೇಸಾಯವನ್ನು ಬಾಗಿಸಲು ಹೋಗಲಿಲ್ಲ.

ತಾಯಂದಿರ ವಿಷಯ ಹೇಳದಿದ್ದರೆ ಈ ಮಾತು ಅರ್ಧ. ನಮ್ಮ ಸಾಗರ, ಸೊರಬದ ಕಡೆ ದೀವರ ಮನೆಯ ಹೆಂಗಸರು ಬರೆಯುವ ಚಿತ್ತಾರ ಇಂದು ದೂರದ ಊರುಗಳಲ್ಲೂ ಹೆಸರಾಗಿದೆ. ಬರೆದವರು ಯಾರು? ಸಸಿ ನೆಟ್ಟವರು, ಕಳೆ ಕಿತ್ತವರು, ಮನೆಯ ಒಲೆ ಉರಿಸಿದವರು. ಬಣ್ಣಕ್ಕೆ ಪೇಟೆಗೂ ಹೋಗಲಿಲ್ಲ. ಅಕ್ಕಿ ನೆನೆಸಿ ಅರೆದರೆ ಬಿಳಿ, ಕರಿಕಾಗುವಂತೆ ಹುರಿದರೆ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಬೀಜದಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಆಶ್ವಯುಜದ ಭೂಮಿ ಹುಣ್ಣಿಮೆಗೆ ಬಿದಿರ ಬುಟ್ಟಿಗೆ ಸಗಣಿ ಕೆಮ್ಮಣ್ಣು ಬಳಿದು, ಅದರ ಮೇಲೆ ಎಳೆ ಎಳೆಯಾಗಿ ಬರೆದು ಮುಗಿಸಬೇಕು. ಬೆಳಗಿನ ಜಾವಕ್ಕೆ ಆ ಭೂಮಣ್ಣಿ ಬುಟ್ಟಿ ಎಡೆ ಹೊತ್ತು ಗದ್ದೆಗೆ ಹೊರಡಲೇಬೇಕಲ್ಲ! ಬಿಡುವು ಸಿಕ್ಕಾಗ ಬರೆಯೋಣ ಎಂದಿದ್ದರೆ ಒಂದು ಬುಟ್ಟಿಯೂ ಮುಗಿಯುತ್ತಿರಲಿಲ್ಲ. ಹುಣ್ಣಿಮೆ ಯಾರಿಗೂ ಕಾಯದು. ಹಾಗೆಂದೇ ಆ ಕಲೆ ಉಳಿಯಿತು. ನಮ್ಮ ಭಜನೆಗೂ ಕೋಲಾಟಕ್ಕೂ ನಾಟಕಕ್ಕೂ ಇಂತಹ ಒಂದು ಗೊತ್ತಾದ ದಿನ ಇರಲಿ.

ಗಂಡಸರು ಕೋಪಿಸಿಕೊಳ್ಳಬಾರದು, ಇನ್ನೊಂದು ಕೇಳುತ್ತೇನೆ. ನೀವು ರಾತ್ರಿ ತಾಲೀಮಿಗೆ ಹೋದಾಗ ಕೊಟ್ಟಿಗೆಯ ಹುಲ್ಲು ನೀರು ಯಾರ ಪಾಲಿಗೆ? ಬೆಳಿಗ್ಗೆ ನೀವು ಮಲಗಿದ್ದರೆ ಹಾಲು ಕರೆದು ಡೈರಿಗೆ ಒಯ್ಯುವವರು ಯಾರು? ನಾಟಕದ ಕರಪತ್ರದಲ್ಲಿ ಅವರ ಹೆಸರು ಇರುವುದಿಲ್ಲ. ವಾರದಲ್ಲಿ ಎರಡು ಸಂಜೆ ನಿಮಗಾದರೆ ಎರಡು ಸಂಜೆ ಅವರಿಗೂ ಬೇಕು. ಹಾಡಲು ಬಾರದಿದ್ದರೆ ಸುಮ್ಮನೆ ಕುಳಿತಿರಲಿ, ತಪ್ಪೇನು?

ನೌಕರಿಯಲ್ಲಿದ್ದು ಬರೆದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ. ಮಾಸ್ತಿಯವರು 1914ರಿಂದ 1943ರವರೆಗೆ ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. 1942ರಲ್ಲಿ 'ಮೈಸೂರು ಮಲ್ಲಿಗೆ'ಯನ್ನು ಕೊಟ್ಟ ಕೆ. ಎಸ್. ನರಸಿಂಹಸ್ವಾಮಿಯವರು ಗುಮಾಸ್ತರಾಗಿ ದುಡಿದವರು. ಶಿವಮೊಗ್ಗ, ಭದ್ರಾವತಿಗಳಿಗೆ ಕೆಲಸಕ್ಕೆ ಹೋಗಿಬರುವ ನಮ್ಮ ಹುಡುಗರು ಇದನ್ನು ಗಮನಿಸಲಿ. ಸರ್ಕಾರಿ ಕೆಲಸದವರು ಕಲೆಯಿಂದ ಹಣ ಪಡೆಯುವ ಮೊದಲು ತಮ್ಮ ಸೇವಾ ನಿಯಮವನ್ನೂ ಓದಿಕೊಳ್ಳಲಿ.

ದಿನಕ್ಕೆ ಅರ್ಧ ಗಂಟೆ ಏನು ಮಹಾ ಎನ್ನಬೇಡಿ. ವರ್ಷಕ್ಕೆ 182 ಗಂಟೆ ಮೀರುತ್ತದೆ. ಸಾಧನ ಬೇಡದ ಕಲೆ ಬೇಕೆಂದರೆ ಹೊಳೆಯ ಕೆಳಗಿನ ಮತ್ತೂರು, ಹೊಸಹಳ್ಳಿಗಳ ಗಮಕವಿದೆ. ಒಂದು ಪುಸ್ತಕ, ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗಾಗಿಯೇ.

ಹಣದ ಮಾತು ಕೊನೆಗೆ. ಸೀನರಿ, ದೀಪ, ಮೈಕು, ವೇಷಭೂಷಣದ ಬಾಡಿಗೆಗೆ ಗೊಬ್ಬರದ ಹಣ ಮುಟ್ಟಕೂಡದು, ಸಾಲವನ್ನಂತೂ ಎತ್ತಲೇಕೂಡದು. ಮೊದಲು ಚಂದಾ ಎಷ್ಟು ಕೂಡಿತು ನೋಡಿ, ಆಮೇಲೆ ಪರದೆ ಎಷ್ಟು ಎಂದು ತೀರ್ಮಾನಿಸಿ. ಲೆಕ್ಕವನ್ನು ಮರುವಾರವೇ ಊರ ಮುಂದೆ ಓದಿಬಿಡಿ. ಒಳ್ಳೆಯ ಸಂಘಗಳು ಮುರಿದದ್ದು ಪಾತ್ರ ಹಂಚುವಾಗಲ್ಲ, ಲೆಕ್ಕ ತಡವಾದಾಗ.

ಈ ವರ್ಷ ನಾಟಕ ಆಡಬೇಕೆಂದಿರುವವರು ದಿನ ಗೊತ್ತುಮಾಡುವ ಮೊದಲು ಬೇಸಿಗೆ ಬೆಳೆಗೆ ಕಾಲುವೆ ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಹರಿಯುತ್ತದೆ ಎಂದು ವಿಚಾರಿಸಿಕೊಳ್ಳಿರಿ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಹಿಂದೆ ಕುಳಿತಿರುವ ತಾಯಂದಿರೇ ಮೊದಲು ಕೇಳಲಿ.