ದಪ್ಪವೂ ಓರೆಯೂ

ಇಂಗ್ಲಿಷ್ ಪುಸ್ತಕವೊಂದನ್ನು ತೆರೆದರೆ ಸಾಮಾನ್ಯವಾಗಿ ಮೂರು ಬಗೆಯ ಅಕ್ಷರಗಳು ಕಾಣುತ್ತವೆ: ನೆಟ್ಟಗೆ ನಿಂತವು, ಬಲಕ್ಕೆ ಬಾಗಿದವು, ದಪ್ಪನೆಯವು. ಅಪರೂಪಕ್ಕೆ ನಾಲ್ಕನೆಯದೊಂದು ತಲೆದೋರುತ್ತದೆ. ಅದು ದಪ್ಪವೂ ಹೌದು, ಓರೆಯೂ ಹೌದು. ಅದರ ಗುಣವೇನು, ಉಪಯೋಗವೇನು ಎಂಬುದನ್ನು ನಾನು ತಪ್ಪು ಮಾಡಿ ಕಲಿತೆ.

ಓರೆ ಅಕ್ಷರದ ತವರು ವೆನಿಸ್ ನಗರ. ೧೫೦೧ರಲ್ಲಿ ಆಲ್ಡಸ್ ಮನುಟಿಯಸ್ ಎಂಬ ಮುದ್ರಕನು ವರ್ಜಿಲ್ ಮಹಾಕವಿಯ ಕಾವ್ಯಗಳನ್ನು ಅಂಗೈಗೆ ಒಗ್ಗುವ ಕಿರುಗಾತ್ರದಲ್ಲಿ ಹೊರತಂದನು. ಫ್ರಾನ್ಸೆಸ್ಕೊ ಗ್ರಿಫೊ ಅದಕ್ಕಾಗಿ ಕೊರೆದ ಅಕ್ಷರಗಳು ಅಂದಿನ ವಿದ್ವಾಂಸರ ಓಟದ ಕೈಬರಹವನ್ನು ಅನುಸರಿಸಿದ್ದವು. ಆಗ ಇಡೀ ಗ್ರಂಥವೇ ಓರೆ. ಒಂದು ಪದವನ್ನು ಬೇರ್ಪಡಿಸಿ ತೋರುವ ಕೆಲಸ ಆ ಅಕ್ಷರಕ್ಕೆ ಒದಗಿದ್ದು ಅನಂತರ. ದಪ್ಪ ಅಕ್ಷರದ ವಂಶವೇ ಬೇರೆ. ಹತ್ತೊಂಬತ್ತನೆಯ ಶತಮಾನದ ಜಾಹೀರಾತುಗಳಲ್ಲಿ ಅದು ಬೆಳೆಯಿತು. ೧೮೪೫ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಕ್ಲಾರೆಂಡನ್' ಅದನ್ನು ಪುಸ್ತಕದ ಸಾಲಿನೊಳಕ್ಕೆ ಕರೆತಂದಿತು. ಒಂದು ಲೇಖನಿಯ ಓಟ, ಇನ್ನೊಂದು ಬೀದಿಯ ಕೂಗು. ಎರಡೂ ಕೂಡಿದ್ದು ನಮ್ಮ ನಾಲ್ಕನೆಯ ಅಕ್ಷರ.

ಅಕ್ಷರದ ಕಡ್ಡಿಯ ತುದಿಯಲ್ಲಿರುವ ಕಿರುಗೆರೆಗೆ ಸೆರಿಫ್ ಎಂದು ಹೆಸರು. ನೆಟ್ಟಗಿನ ಅಕ್ಷರದಲ್ಲಿ ಅದು ಊರಿದ ಪಾದ; ಓರೆಯಲ್ಲಿ ಲೇಖನಿ ಎತ್ತುವಾಗ ಉಳಿದ ಬಾಲ. ಆದ್ದರಿಂದ ನೆಟ್ಟಗಿನದನ್ನು ಸುಮ್ಮನೆ ವಾಲಿಸಿದರೆ ನಿಜವಾದ ಓರೆ ಅಕ್ಷರವಾಗದು.

ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳಿಗಾಗಿ ವಿಮರ್ಶೆಯ ಇಂಗ್ಲಿಷ್ ಪದಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿದೆ. ಹಸ್ತಪ್ರತಿಯಲ್ಲಿ ಒಂದು ನೇರಗೆರೆ ಎಳೆದರೆ ಓರೆ, ಅಲೆಗೆರೆ ಎಳೆದರೆ ದಪ್ಪ ಎಂಬುದು ಮುದ್ರಣದ ಸಂಕೇತ. ನಾನು ಪ್ರತಿ ಶೀರ್ಷಿಕೆಗೂ ಎರಡನ್ನೂ ಎಳೆದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು, "ಮೇಷ್ಟ್ರೇ, ಎಲ್ಲರೂ ಕೂಗಿದರೆ ಕೇಳುವವರು ಯಾರು?" ಎಂದರು. ನಾನು ಒಪ್ಪಲಿಲ್ಲ.

ಪುಸ್ತಕ ಬಂದ ಮೇಲೆ ತರಗತಿಯಲ್ಲಿ ಒಬ್ಬ ಹುಡುಗಿ 'ಹ್ಯಾಮ್ಲೆಟ್' ಎಂಬ ಪದವಿದ್ದ ಶೀರ್ಷಿಕೆಯ ಮೇಲೆ ಬೆರಳಿಟ್ಟು, "ಇದು ನಾಟಕವೋ, ರಾಜಕುಮಾರನೋ, ಸಾರ್?" ಎಂದು ಕೇಳಿದಳು. ಕೃತಿಯ ಹೆಸರು ಓರೆ, ಪಾತ್ರದ ಹೆಸರು ನೇರ ಎಂದು ಪಾಠ ಹೇಳಿದವನೇ ನಾನು. ದಪ್ಪನೆಯ ಶೀರ್ಷಿಕೆಯಲ್ಲಿ ಆ ಭೇದವನ್ನು ಕಾಯುವುದೇ ದಪ್ಪ ಓರೆ ಅಕ್ಷರದ ಸಾರ್ಥಕವಾದ ಕೆಲಸ. ಎಲ್ಲೆಡೆ ಹರಡಿ ನಾನು ಅದರ ನಾಲಗೆಯನ್ನೇ ಕಿತ್ತಿದ್ದೆ. ಮನೆಗೆ ಬಂದು, ನನ್ನಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಮಸಿಯಲ್ಲಿ ತಿದ್ದಿದೆ, ಮಾರಾಟವಾದವನ್ನು ತಿದ್ದುವುದೆಂತು?

ನಮ್ಮ ದುಂಡನೆಯ ಕನ್ನಡ ಲಿಪಿಗೆ ಇಂಥ ಓರೆಯ ಪರಂಪರೆಯಿಲ್ಲ. ಈಗ ಕಂಪ್ಯೂಟರ್ ಒಂದು ಗುಂಡಿಯಿಂದ ಅದನ್ನೂ ವಾಲಿಸಬಲ್ಲದು. ಆದರೆ ಒತ್ತಿಹೇಳಲು ನಮಗೆ ಒಂದು ಏಕಾರ ಸಾಕು: 'ಅವನು ಬಂದ' ಎನ್ನುವುದಕ್ಕೂ 'ಅವನೇ ಬಂದ' ಎನ್ನುವುದಕ್ಕೂ ಎಷ್ಟು ಅಂತರ! ಆ ಏಕಾರವನ್ನಾದರೂ ಪ್ರತಿ ಪದಕ್ಕೂ ಹಚ್ಚಿದರೆ ಏನು ಉಳಿದೀತು? ಹಿರಿಯರು ಅಂದು ಹೇಳಿದ್ದು ಮೊಳೆಗಳಿಗೆ ಮಾತ್ರ ಸಲ್ಲುವ ಮಾತಾಗಿರಲಿಲ್ಲ.