ಅಳತೆ ಬುಟ್ಟಿಯವರೆಗೆ ಬರಲಿ



ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ ಶರತ್ಕಾಲದ ಮಳೆ ಬಿದ್ದು ನಾಲ್ಕಾರು ದಿನ ಕಳೆದರೆ ಸಾಕು, ಸ್ಪ್ರೂಸ್ ಮರಗಳ ಬುಡದ ದರಗನ್ನು ತಲೆಯ ಮೇಲೆ ಎತ್ತಿಕೊಂಡು ಕಂದು ಟೊಪ್ಪಿಯ ಅಣಬೆಯೊಂದು ಏಳುತ್ತದೆ. ಅಲ್ಲಿನವರು ಅದನ್ನು ‘ಮರೋನೆ’ ಎನ್ನುತ್ತಾರೆ. ಒದ್ದೆಯಾದಾಗ ಟೊಪ್ಪಿ ಬೆರಳಿಗೆ ಅಂಟುತ್ತದೆ. ಅಡಿಯ ಹಳದಿ ಸ್ಪಂಜಿನ ಮೇಲೆ ಹೆಬ್ಬೆರಳು ಒತ್ತಿದರೆ ಒತ್ತಿದಷ್ಟು ಜಾಗ ನೀಲಿಗಟ್ಟುತ್ತದೆ. ವಿಷವಿಲ್ಲ, ಹುಳದ ಕಾಟ ಕಡಿಮೆ, ಬೆಣ್ಣೆಯಲ್ಲಿ ಹುರಿದರೆ ಒಳ್ಳೆಯ ರುಚಿ. ಐವತ್ತು ವರ್ಷ ಕಾಡು ಸುತ್ತಿದ ಅಜ್ಜಿ ಎರಡನೆಯ ಸಲ ನೋಡದೆ ಅದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಆದರೆ ಅವಳ ಕಣ್ಣಿಗೂ ಮೂಗಿಗೂ ನಾಲಗೆಗೂ ಸಿಗದ ಒಂದು ವಸ್ತು ಆ ಟೊಪ್ಪಿಯೊಳಗೆ ಕೂತಿರುತ್ತದೆ: ವಿಕಿರಣ ಸೂಸುವ ಸೀಸಿಯಂ-137.

ವಿಷದ ಅಣಬೆ ಯಾವುದು, ತಿನ್ನುವುದು ಯಾವುದು ಎಂಬ ತಿಳಿವಳಿಕೆಯನ್ನು ತಲೆಮಾರುಗಳು ಕೂಡಿಟ್ಟಿವೆ. ವಿಕಿರಣದ ಮುಂದೆ ಆ ತಿಳಿವಳಿಕೆ ಸಾಲುವುದಿಲ್ಲ. ಅಲ್ಲಿ ಆ ಅಜ್ಜಿಗೆ ಒದಗಬೇಕಾದದ್ದು ಅಳತೆ. ಆ ಅಳತೆ ಅವಳ ಬುಟ್ಟಿಯವರೆಗೆ ಬರುತ್ತದೆಯೇ? ಈ ಎರಡು ದಿನಗಳ ಸಮ್ಮೇಳನದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬಿದ್ದೇನೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ಘಟಕ ಸಿಡಿಯಿತು. ಅದರ ವಿಕಿರಣದ ಮೋಡ ಯುರೋಪಿನ ಮೇಲೆ ಅಲೆದಾಗ ಎಲ್ಲಿ ಮಳೆ ಸುರಿಯಿತೋ ಅಲ್ಲಿ ಸೀಸಿಯಂ ಹೆಚ್ಚು ಇಳಿಯಿತು. ಬವೇರಿಯಾದ ಪಾಲಿಗೆ ಬಂದದ್ದು ಆ ಮಳೆ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ನಲವತ್ತು ವರ್ಷ ಕಳೆದರೂ ಐದರಲ್ಲಿ ಎರಡು ಪಾಲು ಉಳಿದೇ ಇರುತ್ತದೆ.

ಹೊಲದ ಗೋಧಿ, ಆಲೂಗಡ್ಡೆ ಬೇಗ ಚೇತರಿಸಿಕೊಂಡವು. ಕಾಡಿನ ಅಣಬೆ ಚೇತರಿಸಿಕೊಳ್ಳಲಿಲ್ಲ. ಕಾರಣ ಮಣ್ಣಿನಲ್ಲಿದೆ. ಹೊಲದ ಜೇಡಿ ಕಣಗಳು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಉಳುಮೆ ಅದನ್ನು ಆಳಕ್ಕೆ ಬೆರೆಸಿ ತೆಳುವಾಗಿಸುತ್ತದೆ. ಕಾಡಿನ ನೆಲಕ್ಕೆ ನೇಗಿಲಿಲ್ಲ. ಕೊಳೆಯುವ ಎಲೆಗಳ ಪದರದಲ್ಲಿ ಜೇಡಿ ಕಡಿಮೆ. ಪೊಟ್ಯಾಸಿಯಂಗಾಗಿ ತಡಕಾಡುವ ಅಣಬೆಯ ಎಳೆಗಳು ಅದೇ ಗುಣದ ಸೀಸಿಯಂ ಸಿಕ್ಕರೆ ಅದನ್ನೂ ಹೀರುತ್ತವೆ. ಅಣಬೆ ಕೊಳೆತಾಗ ಅದು ಮತ್ತೆ ಅದೇ ಪದರಕ್ಕೆ, ಅಲ್ಲಿಂದ ಮತ್ತೆ ಮುಂದಿನ ವರ್ಷದ ಅಣಬೆಗೆ. ಬಡವರ ಮನೆಯಲ್ಲಿ ಒಂದೇ ಬಟ್ಟೆಯನ್ನು ಅಣ್ಣನಿಂದ ತಮ್ಮ ತೊಡುವ ಹಾಗೆ, ಕಾಡು ಏನನ್ನೂ ಬಿಸಾಡುವುದಿಲ್ಲ.

ಎಲ್ಲ ಅಣಬೆಯೂ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮರೋನೆಯ ಟೊಪ್ಪಿಯ ಕಂದು ಬಣ್ಣಕ್ಕೆ ಕಾರಣವಾದ ನಾರ್‌ಬ್ಯಾಡಿಯೋನ್-ಎ ಎಂಬ ವರ್ಣದ್ರವ್ಯವೇ ಸೀಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಜರ್ಮನಿಯ ವಿಕಿರಣ ರಕ್ಷಣಾ ಕಚೇರಿ ಅಣಬೆಗಳ ಬಗ್ಗೆ ನಿಯಮಿತವಾಗಿ ವರದಿ ಹೊರತರುತ್ತದೆ. ಕೆಲವು ಜಾತಿಗಳಲ್ಲಿ ಕಿಲೋಗೆ ಸಾವಿರ ಬೆಕೆರೆಲ್ (ವಿಕಿರಣಶೀಲತೆಯ ಮಾನ) ದಾಟುವ ಮಾದರಿಗಳು ಈಚಿನ ವರ್ಷಗಳಲ್ಲೂ ಸಿಕ್ಕಿವೆ. ಅದೇ ಕಾಡಿನ ಬೇರೆ ಜಾತಿಗಳಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ. ಹಾಗಾಗಿ ‘ಕಾಡಣಬೆ ತಿನ್ನಬೇಡಿ’ ಎಂಬ ಒಂದೇ ಮಾತಿನ ಎಚ್ಚರಿಕೆ ಸೋಮಾರಿತನದ ಎಚ್ಚರಿಕೆ. ಜಾತಿ ಹೇಳಿ, ಜಾಗ ಹೇಳಿ, ಸಂಖ್ಯೆ ಹೇಳಿ.

ಸಂಖ್ಯೆಯನ್ನು ತೂಗಿಯೂ ತೋರಿಸಬೇಕು. ಕಿಲೋಗೆ 2,000 ಬೆಕೆರೆಲ್ ಇರುವ ಅಣಬೆಯನ್ನು ವಯಸ್ಕರೊಬ್ಬರು ವಾರಕ್ಕೆ 200 ಗ್ರಾಂನಂತೆ ವರ್ಷವಿಡೀ ತಿಂದರೆ ಮೈಗೆ ಸಿಗುವ ಹೆಚ್ಚುವರಿ ವಿಕಿರಣದ ಪ್ರಮಾಣ ಸುಮಾರು 0.27 ಮಿಲಿಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಅಪರೂಪಕ್ಕೊಮ್ಮೆ ತಿಂದವರು ಹೆದರಿ ನಿದ್ದೆಗೆಡಬೇಕಿಲ್ಲ. ಆದರೆ ಬಸುರಿಗೆ, ಚಿಕ್ಕ ಮಕ್ಕಳಿಗೆ, ಋತುವಿಡೀ ಕಾಡಿನ ಮೇಲೇ ಬದುಕುವ ಕುಟುಂಬಕ್ಕೆ ಬೇರೆಯದೇ ಸಲಹೆ ಬೇಕು.

ಜರ್ಮನಿಯ ಮಾರುಕಟ್ಟೆಯಲ್ಲಿ ಕಿಲೋಗೆ 600 ಬೆಕೆರೆಲ್ ಮೀರಿದ ಕಾಡಣಬೆ ಮಾರುವಂತಿಲ್ಲ. ಜಪಾನ್ 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರಕ್ಕೆ 100 ಬೆಕೆರೆಲ್ ಮಿತಿ ಹಾಕಿತು. ಅಣುಸ್ಥಾವರ ಅವಘಡ ನಡೆದ ಫುಕುಶಿಮಾದಿಂದ ಬಹುದೂರದ, ಫುಜಿ ಪರ್ವತದ ತಪ್ಪಲಿನ ಯಮನಾಶಿಯಲ್ಲೂ ಕಾಡಣಬೆ ಸಾಗಣೆಗೆ ತಡೆ ಬಿತ್ತು. ಕಾನೂನು ಬಿಗಿಯಾಗಿಯೇ ಇದೆ. ಆದರೆ ಅದು ಕಾಯುವುದು ಅಂಗಡಿಯ ಬಾಗಿಲನ್ನು. ಕಾಡಿನಿಂದ ನೇರ ಅಡುಗೆಮನೆಗೆ ಹೋಗುವ ಬುಟ್ಟಿಯನ್ನು ಯಾರೂ ತಡೆದು ನೋಡುವುದಿಲ್ಲ. ಚೆರ್ನೋಬಿಲ್ ನಂತರ ಬೆಲಾರೂಸಿನ ಗೋಮೆಲ್, ರಷ್ಯಾದ ಬ್ರಿಯಾನ್ಸ್ಕ್ ಪ್ರಾಂತಗಳಲ್ಲಿ ಕಂಡದ್ದೂ ಇದನ್ನೇ. ಹೊಲಗಳಿಗೆ ಪೊಟ್ಯಾಸಿಯಂ ಗೊಬ್ಬರ ಹಾಕಿ, ಹಸುಗಳಿಗೆ ಪ್ರಷ್ಯನ್ ಬ್ಲೂ ಎಂಬ ರಾಸಾಯನಿಕ ತಿನ್ನಿಸಿ ಹಾಲಿನ ಸೀಸಿಯಂ ಇಳಿಸಿದರು. ಹಳ್ಳಿಗರ ಮೈಯಲ್ಲಿ ಮಾತ್ರ ಅಣಬೆಯ ಕಾಲ ಮುಗಿಯುವ ಹೊತ್ತಿಗೆ ಸೀಸಿಯಂ ಮತ್ತೆ ಏರುತ್ತಿತ್ತು. ಕೈಯಲ್ಲಿ ಕಾಸಿಲ್ಲದ ವರ್ಷಗಳಲ್ಲಿ ಕಾಡೇ ಅವರ ಅಂಗಡಿಯಾಗಿತ್ತು. ಅವರನ್ನು ಅವಿವೇಕಿಗಳು ಎಂದು ಕರೆಯುವ ಹಕ್ಕು ನಮಗಿಲ್ಲ.

ಇನ್ನು ನಂಬಿಕೆಯ ಮಾತು. 1986ರಲ್ಲಿ ಪಶ್ಚಿಮ ಜರ್ಮನಿಯ ಕೇಂದ್ರ ಮಟ್ಟದಲ್ಲಿ ಹಾಲಿನಲ್ಲಿ ಅಯೋಡಿನ್-131 ಎಂಬ ಇನ್ನೊಂದು ವಿಕಿರಣಶೀಲ ವಸ್ತುವಿಗೆ ಲೀಟರಿಗೆ 500 ಬೆಕೆರೆಲ್ ಮಿತಿ ಎಂದರು. ಹೆಸ್ಸೆ ರಾಜ್ಯ 20 ಎಂದಿತು. ಮಗುವಿಗೆ ಹಾಲು ಕಾಯಿಸುತ್ತಿರುವ ತಾಯಿ ಯಾವುದನ್ನು ನಂಬಬೇಕು? ಆಗ ಜನ ತಾವೇ ಅಳೆಯಲು ಹೊರಟರು. ಆ ವರ್ಷವೇ ಹುಟ್ಟಿದ ಮ್ಯೂನಿಕ್‌ನ ಉಮ್‌ವೆಲ್ಟ್‌ಇನ್‌ಸ್ಟಿಟ್ಯೂಟ್ ಜನರು ತಂದ ಅಣಬೆಯನ್ನು ಅಳೆದುಕೊಡುತ್ತಾ ಬಂದಿದೆ. ಜಪಾನಿನ ಇವಾಕಿಯಲ್ಲಿ 2011ರಲ್ಲಿ ತಾಯಂದಿರೇ ‘ತಾರಾಚಿನೆ’ ಎಂಬ ಪ್ರಯೋಗಾಲಯ ಕಟ್ಟಿದರು.

ಇಂಥ ಪ್ರಯೋಗಾಲಯಗಳಲ್ಲಿ ನಡೆಯುವ ಕೆಲಸ ಸರಳ. ಮಣ್ಣು ಒರೆಸಿ, ಅಣಬೆಯನ್ನು ಸಣ್ಣಗೆ ಹೆಚ್ಚಿ, ಪ್ಲಾಸ್ಟಿಕ್ ಪಾತ್ರೆಗೆ ಒತ್ತಿ ತುಂಬಿ, ಸೀಸದ ದಪ್ಪ ಗೋಡೆಯ ನಡುವಿನ ಶೋಧಕದ ಮೇಲೆ ಇಡುತ್ತಾರೆ. ತೆರೆಯ ಮೇಲೆ ಚುಕ್ಕಿಗಳು ಬೀಳತೊಡಗುತ್ತವೆ. ಸ್ವಲ್ಪ ಹೊತ್ತಿಗೆ ಸೀಸಿಯಂ-137ರ ಗುರುತಾದ 662 ಕಿಲೋಎಲೆಕ್ಟ್ರಾನ್‌ವೋಲ್ಟ್ ಬಳಿ ಚುಕ್ಕಿಗಳು ಗುಡ್ಡೆ ಕಟ್ಟಿ ನಿಲ್ಲುತ್ತವೆ. ಬುಟ್ಟಿ ತಂದವರು ಆ ಗುಡ್ಡೆ ಬೆಳೆಯುವುದನ್ನು ತಮ್ಮ ಕಣ್ಣಾರೆ ನೋಡುತ್ತಾರೆ. ನೂರು ಸುತ್ತೋಲೆ ಮಾಡಲಾಗದ ಕೆಲಸವನ್ನು ಆ ನೋಟ ಮಾಡುತ್ತದೆ.

ಅಡುಗೆಮನೆಗೂ ಹೇಳಬೇಕಾದದ್ದಿದೆ. ಸೀಸಿಯಂ ನೀರಿನಲ್ಲಿ ಕರಗುತ್ತದೆ. ಉಪ್ಪುನೀರಿನಲ್ಲಿ ಬೇಯಿಸಿ ನೀರು ಬಸಿದು ಚೆಲ್ಲಿದರೆ ಬಹುಪಾಲು ಹೋಗುತ್ತದೆ. ಒಣಗಿಸಿದರೆ ಹೋಗುವುದು ನೀರು ಮಾತ್ರ, ಸೀಸಿಯಂ ಅಲ್ಲೇ ಉಳಿಯುತ್ತದೆ. ತೂಕ ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಕಿಲೋ ಲೆಕ್ಕದ ಸಂಖ್ಯೆ ಹತ್ತು ಪಟ್ಟು ಏರುತ್ತದೆ. ಹಸಿಯದೋ ಒಣಗಿದ್ದೋ ಎಂದು ಬರೆಯದ ಪ್ರಯೋಗಾಲಯದ ವರದಿ ವರದಿಯೇ ಅಲ್ಲ.

ನಮ್ಮ ಮಲೆನಾಡಿನ ಹುತ್ತದ ಅಣಬೆಗೆ ಚೆರ್ನೋಬಿಲ್‌ನ ಪಾಡು ಬಂದಿಲ್ಲ. ಆ ಭಯವನ್ನು ಇಲ್ಲಿ ಬಿತ್ತಲು ನಾನು ಬಂದವನಲ್ಲ. ಆದರೆ ಕೈಗಾದಲ್ಲಿ ಅಣುಸ್ಥಾವರವಿದೆ, ಅದರ ಸುತ್ತ ಕಾಡಿದೆ, ಕಾಡನ್ನು ಉಣ್ಣುವ ಜನರಿದ್ದಾರೆ. ಪರಿಸರದ ವಿಕಿರಣ ಅಳೆಯಬಲ್ಲವರು ಮಂಗಳೂರು ವಿಶ್ವವಿದ್ಯಾಲಯದಲ್ಲೇ ಇದ್ದಾರೆ. ಏನೂ ಆಗದ ವರ್ಷಗಳ ಸಂಖ್ಯೆ ಕೈಯಲ್ಲಿದ್ದರೆ ಮಾತ್ರ, ಏನಾದರೂ ಆದ ದಿನ ಹೋಲಿಸಿ ನೋಡಬಹುದು. ಮೊದಲ ಗೋಷ್ಠಿಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು: ಮಳೆಗಾಲದ ಮೊದಲ ಗುಡುಗಿಗೆ ಏಳುವ ಅಣಬೆಯನ್ನು ಯಾವ ಊರಿನಿಂದ, ಯಾರ ಕೈಯಿಂದ ತರಿಸಿ ಅಳೆಯುತ್ತೇವೆ, ಬಂದ ಸಂಖ್ಯೆಯನ್ನು ಕನ್ನಡದಲ್ಲಿ ಯಾರ ಮನೆಗೆ ಮುಟ್ಟಿಸುತ್ತೇವೆ ಎಂಬುದನ್ನು ಊಟದ ಹೊತ್ತಿಗಿಂತ ಮುಂಚೆಯೇ ಬರೆದಿಡಿ. ಮಧ್ಯಾಹ್ನದ ಚರ್ಚೆಯನ್ನು ಆ ಹಾಳೆಯಿಂದಲೇ ಶುರುಮಾಡೋಣ.